ಮೂರನೇ ತಿಂಗಳಲ್ಲಿ ಹೋದವನು

ಲಾಂಡ್ರಿಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿಯಕ್ಕ ಎಂದೇ ಕರೆಯುತ್ತಿದ್ದರು. ಹೋಟೆಲಿನ ಹಾಸು, ಡಾಕ್ಟರುಗಳ ಕೋಟು, ಎಂಥ ಸುಕ್ಕಾದರೂ ಅವಳ ಕೈಯಡಿ ನೆಟ್ಟಗಾಗುತ್ತಿತ್ತು. ನೆಟ್ಟಗಾಗದೆ ಉಳಿದದ್ದು ಅತ್ತೆಯ ಮುಖ ಒಂದೇ. ಎರಡೂ ಹೆಣ್ಣನ್ನೇ ಹೆತ್ತಳೆಂಬ ಸಿಟ್ಟು.

ತಂಗಿಗೆ ರಕ್ತದ ಕಾಯಿಲೆ ಬಂದಾಗ ತನ್ನ ಅಸ್ಥಿಮಜ್ಜೆ ಕೊಡಲು ಅವಳೇ ಮುಂದಾದಳು. ಆಸ್ಪತ್ರೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಡಾಕ್ಟರಮ್ಮ ಅವಳನ್ನು ಕೇಳಿ ಒಂದಿಷ್ಟು ರಕ್ತ ಹೆಚ್ಚಿಗೆ ತೆಗೆದುಕೊಂಡರು. ಮುಂದಿನ ಸಲ ಗಂಡನ ಜೊತೆ ಹೋದಾಗ ಅವರು ಕೇಳಿದರು:

“ನಿಮಗೆ ಮಗ ಇದ್ದಾನಾ?”

“ಇಲ್ಲ. ಇಬ್ರೂ ಹೆಣ್ಣು.”

“ನಿಮ್ಮ ರಕ್ತದಲ್ಲಿ ಗಂಡಿನ ಜೀವಕೋಶ ಸಿಕ್ಕಿದೆ. ಬಸುರಿಯಾಗಿದ್ದಾಗ ಮಗುವಿನ ಕೋಶ ತಾಯಿ ಮೈಗೆ ಸೇರುತ್ತೆ, ವರ್ಷಗಟ್ಟಲೆ ಅಲ್ಲೇ ಬದುಕಿರುತ್ತೆ. ಯಾವತ್ತಾದ್ರೂ ಗರ್ಭ ಇಳಿದಿತ್ತಾ?”

ಇಳಿದಿತ್ತು. ಮದುವೆಯಾದ ವರ್ಷ, ಮೂರನೇ ತಿಂಗಳಲ್ಲಿ. ಬಚ್ಚಲಲ್ಲಿ ಕುಸಿದು ಕೂತವಳಿಗೆ ಅತ್ತೆ, “ಬರೀ ರಕ್ತದ ಗಡ್ಡೆ, ಅದಕ್ಯಾಕೆ ಅಳ್ತೀಯ? ನೀರು ಸುರಿದು ಎದ್ದು ಬಾ” ಎಂದಿದ್ದರು. ಮರುದಿನ ಅವಳು ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಳು.

“ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಅದೇ ಇರಬೇಕು,” ಎಂದರು ಡಾಕ್ಟರಮ್ಮ.

ಗಂಡ ದಾರಿಯಲ್ಲೇ ಕ್ಷೌರದಂಗಡಿಗೆ ನುಗ್ಗಿ, “ನನಗೂ ಒಬ್ಬ ಮಗ ಇದ್ದ ಕಣಯ್ಯ!” ಎಂದು ಸಾರಿದ. ಅತ್ತೆ ಬಾಗಿಲಲ್ಲೇ ಅವಳನ್ನು ತಬ್ಬಿಕೊಂಡು ಮೊಮ್ಮಗನ ಹೆಸರಲ್ಲಿ ಗೋಳಾಡಿದರು. ಅಂದಿನಿಂದ ಕಿಟಕಿ ಪಕ್ಕದ ಕುರ್ಚಿ ಅವಳದು, ಮೊದಲ ಲೋಟ ಹಾಲು ಅವಳದು. ಮನೆಯೊಡತಿಗೆ ಜನ್ಮದಲ್ಲಿ ಸಿಗದ ಮರ್ಯಾದೆ ಒಳಗಿನ ಬಾಡಿಗೆದಾರನಿಗೆ ಸಿಕ್ಕಿತು.

ಸ್ನಾನ ಮಾಡುವಾಗ ಅವಳು ತೋಳು ನೋಡಿಕೊಳ್ಳುವಳು. ಇದರಲ್ಲಿ ನಾನೆಷ್ಟು, ಅವನೆಷ್ಟು? ಇಷ್ಟು ಕಾಲ ಜೊತೆಗಿದ್ದವನಿಗೆ ಒಂದು ಹೆಸರನ್ನೂ ಇಟ್ಟಿರಲಿಲ್ಲ.

ಮಜ್ಜೆ ಕೊಡುವ ದಿನ ಹತ್ತಿರವಾದಾಗ ಗಂಡ ಅಡ್ಡ ನಿಂತ. “ಬೇಡ ಬಿಡು. ಅದರ ಜೊತೆ ಅವನೂ ಹೊರಟುಹೋದ್ರೆ?”

“ತಂಗಿ ಸಾಯ್ತಾಳೆ.”

“ಬೇರೆ ಯಾರಾದ್ರೂ ಕೊಡ್ತಾರೆ,” ಎಂದರು ಅತ್ತೆ. “ನಮ್ಮ ವಂಶದ ಕುಡಿ ಅದು.”

ಅವಳ ಸಹನೆಯ ಕಟ್ಟೆ ಒಡೆಯಿತು. “ಅವತ್ತು ಗಡ್ಡೆ ಆಗಿದ್ದವನು ಇವತ್ತು ಕುಡಿ ಆದ್ನಾ? ಒಂದು ದಿನ ಮಲಗೋಕೂ ಬಿಡ್ಲಿಲ್ವಲ್ಲ ನೀವು!”

“ಗಂಡು ಅಂತ ಆಗ ಯಾರಿಗೆ ಗೊತ್ತಿತ್ತು?”

ಅತ್ತೆ ಅದನ್ನು ಸಮಾಧಾನದ ಮಾತೆಂದೇ ಹೇಳಿದ್ದರು.

ಅವಳು ಹೆಣ್ಣುಮಕ್ಕಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದಳು. ಅಲ್ಲಿ ಕಿರಿಯವಳು ಡಾಕ್ಟರಮ್ಮನನ್ನು ಕೇಳಿದಳು: “ನಮ್ಮ ಕೋಶನೂ ಅಮ್ಮನ ಮೈಯಲ್ಲಿ ಇರುತ್ತಾ?”

“ಇರಬಹುದು. ಆದ್ರೆ ನಾವು ಹುಡುಕಿದ್ದು ಗಂಡಿನ ಗುರುತು ಮಾತ್ರ. ನಿಮ್ಮದು ಈ ಪರೀಕ್ಷೆಗೆ ಕಾಣಲ್ಲ.”

“ಅಲ್ಲೂ ನಮ್ಮನ್ನ ಲೆಕ್ಕಕ್ಕೆ ಹಿಡೀಲಿಲ್ಲ ಅನ್ನಿ,” ಎಂದಳು ಹಿರಿಯವಳು.

ಅವಳ ಮಜ್ಜೆಯಿಂದ ತಂಗಿ ಬದುಕಿ ಉಳಿದಳು. ಆರೈಕೆಗೆಂದು ಮಕ್ಕಳ ಜೊತೆ ತಂಗಿಯ ಮನೆಗೆ ಹೋದವಳು ಅಲ್ಲೇ ನಿಂತುಬಿಟ್ಟಳು. ಗಂಡ ಒಮ್ಮೆ ಬಂದು ಹೊಸ್ತಿಲಾಚೆ ನಿಂತ. ಹೇಗಿದ್ದೀಯ ಎನ್ನುವ ಮೊದಲೇ, “ಇನ್ನೂ ಇದ್ದಾನಂತಾ?” ಎಂದು ಕೇಳಿದ.

ಅವಳು ಬಾಗಿಲಿಂದ ತಿರುಗಿದಳು. ಒಳಗೆ ತಂಗಿಗೆ ಊಟ ಬಡಿಸುವುದಿತ್ತು.