ರಾಗಿಗೆ ಕೊರತೆಯಿಲ್ಲವಂತೆ

ತಮ್ಮ ಸಿದ್ದಪ್ಪ, ತರೀಕೆರೆಯಲ್ಲಿ ಎಲ್ಲರೂ ಕ್ಷೇಮವೇ? ಗಂಗಮ್ಮನ ಮಂಡಿನೋವು ಇಳಿಯಿತೇ, ಪುಟ್ಟನಂಜನ ಜ್ವರ ಬಿಟ್ಟಿತೇ?

ಯಗಟಿಯಲ್ಲಿ ಇವತ್ತು ಬೆಳಿಗ್ಗೆ ನಡೆದದ್ದು ಕೇಳು. ಎಂದಿನಂತೆ ಚಾವಡಿಯಲ್ಲಿ ಕುಳಿತು ಪತ್ರಿಕೆ ಓದಿ ಹೇಳಿದೆ: "ಸೀಮೆಯಲ್ಲಿ ರಾಗಿಗೆ ಕೊರತೆಯಿಲ್ಲ, ಜನ ಹೆದರಬೇಕಾಗಿಲ್ಲ." ರಾಗಿ ಅಗ್ಗವಾಗಿದ್ದಾಗ ನಾನು ಏನು ಓದಿದರೂ "ಅಚ್ಚಾಗೈತಲ್ಲ, ಸುಳ್ಳಿರ್ತದಾ" ಎನ್ನುತ್ತಿದ್ದ ಜನ ಇವತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕೊನೆಗೆ ಕುರಿ ಕಾಯುವ ಕೆಂಚಪ್ಪ ಎದ್ದ. "ಗೌಡ್ರೇ, ಕೊರತೆ ಇಲ್ದಿದ್ರೆ ಹೆದರ್ಬ್ಯಾಡಿ ಅಂತ ಯಾಕ್ ಬರೀತಾರೆ? ನಮ್ಮನೇಲಿ ಮೂರು ದಿನದಿಂದ ಮುದ್ದೆ ಇಲ್ಲ ಕಣ್ರೀ."

"ಬರ್ದೋರ ಮನೇಲಿ ಹಗೇವು ತುಂಬ ರಾಗಿ ಇರ್ಬೇಕು ಬಿಡೋ," ಎಂದಳು ಅವನ ಅಕ್ಕ ಹನುಮಕ್ಕ. "ಓದೋರ ಮನೇಲಂತೂ ಐತೆ."

ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಯಾರೂ ನಗಲಿಲ್ಲ. ಪತ್ರಿಕೆ ಮಡಚಿಕೊಂಡು ಮನೆಗೆ ಬಂದವನೇ, ಹಿತ್ತಿಲಲ್ಲಿ ನಮ್ಮ ರಾಗಿ ಹೂತಿಟ್ಟ ಹಗೇವಿನ ಬಾಯಿ ಕಾಣದಂತೆ ಮೇಲೆ ಹುಲ್ಲು ಒಟ್ಟಿದೆ. ಹೆದರಬೇಕಾಗಿಲ್ಲ ಎಂದು ಊರಿಗೆಲ್ಲ ಓದಿ ಹೇಳಿದವನು ನಾನೇ ನೋಡು!

ಅಲ್ಲಿನ ಸಂತೆಯಲ್ಲಿ ರಾಗಿ ನಿಜವಾಗಿ ಸಿಗುತ್ತಿದೆಯೇ, ನೀನೇ ಕಣ್ಣಾರೆ ನೋಡಿ ಬೇಗ ಕಾಗದ ಬರೆ. ಅದನ್ನು ಮಾತ್ರ ಚಾವಡಿಯಲ್ಲಿ ಓದುವುದಿಲ್ಲ.