ತೊಟ್ಟಿಯೊಳಗಿನ ಫರಸಿ

ಜೇವರ್ಗಿಯ ನಮ್ಮ ಮನೆಯಲ್ಲಿ ಕಾಲಿಟ್ಟಲ್ಲೆಲ್ಲ ಫರಸಿ. ಪಡಸಾಲೆ, ಅಡುಗೆಮನೆ, ಬಚ್ಚಲು, ಕೊನೆಗೆ ನಾನು ಬಟ್ಟೆ ಒಗೆಯುವ ಬಂಡೆಯೂ ಅದೇ ಬೂದು ಶಹಾಬಾದ್ ಕಲ್ಲು. ಹೀಗಾಗಿ ನನ್ನ ಗಾಜಿನ ತೊಟ್ಟಿಯ ಏಂಜಲ್ ಮೀನುಗಳ ಜೋಡಿಗೆ ಮೊಟ್ಟೆಯಿಡಲು ನುಣುಪಾದ ಹಾಸು ಬೇಕಾದಾಗ ಎರಡನೇ ಯೋಚನೆಯನ್ನೇ ಮಾಡಲಿಲ್ಲ. ನೆಲಕ್ಕೆ ಹಾಸಿ ಉಳಿದಿದ್ದ ಒಂದು ತುಂಡನ್ನು ತೊಳೆದು ಒಳಗೆ ಓರೆಯಾಗಿ ನಿಲ್ಲಿಸಿದೆ.

ಹೆಣ್ಣು ಮೀನು ಅದರ ಮೇಲೆ ಮೂರು ಸಲ ಮೊಟ್ಟೆಯಿಟ್ಟಿತು. ಮೂರು ಸಲವೂ ಎರಡೇ ದಿನದಲ್ಲಿ ಎಲ್ಲ ಮೊಟ್ಟೆಗಳು ಬೆಳ್ಳಗಾಗಿ ಸತ್ತವು. ಗಂಡು ಹೆಣ್ಣು ಎರಡೂ ರೆಕ್ಕೆ ಬೀಸಿ ಗಾಳಿ ಹಾಕುತ್ತಲೇ ಇದ್ದವು, ಸತ್ತ ಮೊಟ್ಟೆಗಳಿಗೆ. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ. ಕಲಬುರಗಿಯಲ್ಲಿ ಮೀನು ಮಾರುವವನು ಫೋನಿನಲ್ಲಿ, "ನಿಮ್ಮ ಕಡಿ ನೀರು ಭಾಳ ಗಡಸು ಅದರಿ ಅಕ್ಕಾ. ಪಿಎಚ್ ಇಳಿಸ್ರಿ. ಆ ಹೆಣ್ಣಿಗಿ ವಯಸ್ಸಾಗ್ಯಾದ, ಇನ್ನೊಂದ್ಸಲ ಇಟ್ರ ಭಾಳ ಆತು," ಎಂದ.

ನನಗೆ ಹಟ ಹಿಡಿಯಿತು. ಅಂಗಳದಲ್ಲಿ ಪಾತೇಲಿಗಳನ್ನಿಟ್ಟು ಮಳೆನೀರು ಹಿಡಿದೆ. ಅದನ್ನು ಬೋರಿನ ನೀರಿಗೆ ಬೆರೆಸಿ, ಒಣ ಬಾದಾಮಿ ಎಲೆ ನೆನೆಹಾಕಿ, ದಿನಾ ಸ್ವಲ್ಪ ಸ್ವಲ್ಪವೇ ತೊಟ್ಟಿಗೆ ಹಾಕಿದೆ. ಪರೀಕ್ಷೆಯ ಹನಿ ಬಿಟ್ಟಾಗ ನೀರು ಹಳದಿಯಾದರೆ ಪಿಎಚ್ ಇಳಿದು ಹುಳಿ ಏರಿದಂತೆ. ಹಳದಿ ಆಗುತ್ತಿತ್ತು ಕೂಡ. ಎರಡು ದಿನ ಬಿಟ್ಟು ನೋಡಿದರೆ ಮತ್ತೆ ನೀಲಿ.

ಸಿಟ್ಟು ನೆತ್ತಿಗೇರಿದ ಒಂದು ಮಧ್ಯಾಹ್ನ, ತೊಟ್ಟಿಗೇ ಹಿಂಡಿಬಿಡುತ್ತೇನೆಂದು ನಿಂಬೆಹಣ್ಣು ಕೊಯ್ದೆ. ಕೈಜಾರಿ ಅರ್ಧ ಹೋಳು ನೆಲಕ್ಕೆ ಬಿತ್ತು. ರೊಟ್ಟಿ ಬಡಿಯುತ್ತಿದ್ದ ಅತ್ತೆ ಅಲ್ಲಿಂದಲೇ ಗದರಿದರು.

"ಲಗೂನ ಒರಸ್ ಬೇ. ಹುಳಿ ಫರಸಿ ತಿಂತದ. ನೆಲಾ ಹಾಸಿದಾಗಿಂದ ಹೇಳಾಕತ್ತೇನಿ."

ಬಗ್ಗಿದೆ. ರಸ ಬಿದ್ದಲ್ಲಿ ಸಣ್ಣಗೆ ನೊರೆ ಏಳುತ್ತಿತ್ತು. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಹುಳಿ ಕಲ್ಲನ್ನು ತಿನ್ನುತ್ತಿತ್ತು, ಕಲ್ಲು ಹುಳಿಯನ್ನು. ತೊಟ್ಟಿಯಲ್ಲಿ ಆಗುತ್ತಿದ್ದುದೂ ಇದೇ. ನಾನು ಕಷ್ಟಪಟ್ಟು ಪಿಎಚ್ ಇಳಿಸಿದ ನೀರಿನಲ್ಲಿ ಆ ಸುಣ್ಣದ ಕಲ್ಲು ಚೂರುಚೂರೇ ಕರಗಿ, ಅದನ್ನು ಮತ್ತೆ ಮೊದಲಿನಂತೆ ಮಾಡುತ್ತಿತ್ತು. ಹುಟ್ಟಿದಾಗಿನಿಂದ ಫರಸಿಯ ಮೇಲೆ ಓಡಾಡಿದ್ದೇನೆ. ಅದೂ ಇಷ್ಟೆಲ್ಲ ಕೆಲಸ ಮಾಡುತ್ತದೆಂದು ಒಂದು ದಿನವೂ ಅನಿಸಿರಲಿಲ್ಲ. ನನ್ನ ಜಾಣತನಕ್ಕೆ ನಗು ಬಂತು.

ಫರಸಿ ತೆಗೆದು, ಅತ್ತೆ ಗೊಣಗುತ್ತಲೇ ಕೊಟ್ಟ ಹೊಸ ಮಣ್ಣಿನ ಮುಚ್ಚಳ ನಿಲ್ಲಿಸಿದೆ. ವಾರವಿಡೀ ಮೆಲ್ಲಗೆ ನೀರು ಬದಲಿಸಿದೆ. ಈ ಸಲ ಹಳದಿ ಹಳದಿಯಾಗಿಯೇ ಉಳಿಯಿತು.

ಮುದಿ ಹೆಣ್ಣು ನಾಲ್ಕನೇ ಸಲ ಮೊಟ್ಟೆಯಿಟ್ಟಿತು. ಹಿಂದಿಗಿಂತ ಕಡಿಮೆ ಇದ್ದವು. ಎರಡು ದಿನ ನನಗೆ ಊಟ ಸೇರಲಿಲ್ಲ.

ಮೂರನೇ ಬೆಳಿಗ್ಗೆ ಎದ್ದು ಬಂದಾಗ, ಕಸ ಹೊಡೆಯುತ್ತಿದ್ದ ಅತ್ತೆ ಪೊರಕೆ ಹಿಡಿದೇ ತೊಟ್ಟಿಯ ಮುಂದೆ ನಿಂತಿದ್ದರು. ಇಷ್ಟು ದಿನ ಅತ್ತ ತಿರುಗಿಯೂ ನೋಡದವರು. ಹತ್ತಿರ ಹೋದೆ. ಮುಚ್ಚಳದ ಮೇಲೆ, ಸಾಸಿವೆಗಿಂತ ಸಣ್ಣ ಕಾಳುಗಳಿಗೆ ಕೂದಲೆಳೆಯಂಥ ಬಾಲ ಬಂದಿತ್ತು. ಎಲ್ಲವೂ ಒಟ್ಟಿಗೆ ನಡುಗುತ್ತಿದ್ದವು. ತಾಯಿ ಇನ್ನೂ ಗಾಳಿ ಹಾಕುತ್ತಿತ್ತು, ಈ ಸಲ ಬದುಕಿದ್ದವಕ್ಕೆ.

ನಾನು ಏನೋ ಹೇಳಲು ಬಾಯಿ ತೆರೆದೆ.

"ಸುಮ್ನಿರ್ ಬೇ," ಎಂದರು ಅತ್ತೆ, ಪಿಸುದನಿಯಲ್ಲಿ. "ಬಾಣಂತಿ ಅದಾಳ."