ಬೋರ್ಡ್ ಮಾವ ತಿದ್ದಿದ ಹೃದಯ

ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಅವರನ್ನು ಬೀದಿಯವರೆಲ್ಲ ಬೋರ್ಡ್ ಮಾವ ಎಂದೇ ಕರೆಯುತ್ತಿದ್ದರು. ಅಕ್ಷರ ಕೂದಲೆಳೆಯಷ್ಟು ವಾಲಿದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಕ್ಯಾಲೆಂಡರನ್ನು ನೆಟ್ಟಗೆ ಮಾಡುತ್ತಿದ್ದರು.

ಒಮ್ಮೆ ಪಕ್ಕದ ರಸ್ತೆಯ ಡಾಕ್ಟರಮ್ಮ ಅವರನ್ನು ಕರೆಸಿ, ರೋಗಿಗಳು ಕಾದು ಕೂರುವ ಕೋಣೆಯ ಗೋಡೆಗೆ ಆಳೆತ್ತರದ ಹೃದಯದ ಚಿತ್ರ ಬರೆಯಲು ಹೇಳಿದರು. ಮಾದರಿಗೆಂದು ಬಣ್ಣದ ಹಾಳೆಯೊಂದನ್ನು ಕೊಟ್ಟರು.

ಮಾವನಿಗೆ ಆ ಹಾಳೆಯಲ್ಲಿ ನೋಡಿದಷ್ಟೂ ತಪ್ಪೇ ಕಂಡಿತು. ಚಿತ್ರದ ಬಲಗಡೆ ‘ಎಡಭಾಗ’ ಎಂದಿತ್ತು, ಎಡಗಡೆ ‘ಬಲಭಾಗ’. ಹೃದಯದ ಒಂದು ಬದಿಯ ಗೋಡೆ ದಪ್ಪ, ಇನ್ನೊಂದು ಬದಿಯದು ತೆಳು. ‘ಅಚ್ಚು ಹಾಕಿದವನು ತೂಕಡಿಸ್ತಾ ಇದ್ದ ಅಂತ ಕಾಣುತ್ತೆ’ ಎಂದು ಗೊಣಗಿಕೊಂಡು, ಎರಡು ದಿನ ಏಣಿಯ ಮೇಲೆ ನಿಂತು ಎಲ್ಲವನ್ನೂ ಸರಿಪಡಿಸಿಯೇ ಬರೆದರು. ಮೂರನೆಯ ದಿನ, ಹೊಗಳಿಕೆ ಕೇಳಲಿ ಎಂದು ಹೆಂಡತಿಯನ್ನೂ ಕರೆದೊಯ್ದರು.

ಡಾಕ್ಟರಮ್ಮ ಗೋಡೆಯನ್ನು ದಿಟ್ಟಿಸಿದರು. “ಮಾವ, ಎಡ ಬಲ ಯಾಕೆ ಅದಲುಬದಲಾಗಿದೆ?”

“ಆಗಿತ್ತು ಡಾಕ್ಟ್ರೇ. ನಾನು ಸರಿ ಮಾಡಿದೆ.”

“ಗೋಡೆ ಎರಡೂ ಒಂದೇ ದಪ್ಪ ಇದೆಯಲ್ಲ?”

“ಮೂವತ್ತು ವರ್ಷದ ಅನುಭವ. ಹೆಚ್ಚುಕಮ್ಮಿ ಆಗೋಕೆ ಬಿಡ್ತೀನಾ?”

“ಇವರು ದಿಂಬನ್ನೂ ಸ್ಕೇಲ್ ಹಿಡಿದೇ ಜೋಡಿಸೋದು,” ಎಂದರು ಹೆಂಡತಿ.

ಡಾಕ್ಟರಮ್ಮ ನಗು ತಡೆದುಕೊಂಡು ಆಕೆಯನ್ನು ಮಾವನ ಎದುರಿಗೆ ನಿಲ್ಲಿಸಿದರು. “ಇವರ ಎಡಗೈ ನಿಮಗೆ ಯಾವ ಕಡೆ ಕಾಣುತ್ತೆ?”

“ನನ್ನ ಬಲಕ್ಕೆ.”

“ಹಾಳೆಯಲ್ಲಿದ್ದ ಹೃದಯವೂ ನಿಮ್ಮ ಎದುರಿಗೆ ನಿಂತವರದ್ದೇ.”

ಮಾವನ ಮುಖ ಸಪ್ಪಗಾಯಿತು. ಡಾಕ್ಟರಮ್ಮ ಸ್ಟೆತಸ್ಕೋಪನ್ನು ಅವರದೇ ಕಿವಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅವರದೇ ಎದೆಗೆ ಒತ್ತಿದರು.

“ಏನು ಕೇಳಿಸ್ತಿದೆ?”

“ಯಾರೋ ಬಾಗಿಲು ಹಾಕ್ತಿದ್ದಾರೆ. ಎರಡೆರಡು ಸಲ.”

“ಅದೇ ಕವಾಟ! ಮೇಲೆ ಎರಡು ಕೋಣೆ, ಕೆಳಗೆ ಎರಡು. ಮೇಲಿನ ರಕ್ತ ಕೆಳಗಿಳಿಯುತ್ತೆ. ಕೆಳಗಿನವು ಹಿಂಡಿಕೊಂಡಾಗ ನಡುವಿನ ಬಾಗಿಲು ಮುಚ್ಚುತ್ತೆ, ರಕ್ತ ವಾಪಸ್ ಹೋಗೋ ಹಾಗಿಲ್ಲ. ಅದು ಮೊದಲನೇ ಸದ್ದು. ರಕ್ತ ಹೊರಗೆ ಹೋದಮೇಲೆ ಹೊರಬಾಗಿಲು ಮುಚ್ಚುತ್ತೆ, ಅದು ಎರಡನೇದು. ಬಲಗಡೆಯದು ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು. ಎಡಗಡೆಯದು ಅದೇ ಹೊತ್ತಿಗೆ ನೆತ್ತಿಯಿಂದ ಅಂಗುಷ್ಠದ ತನಕ ನೂಕಬೇಕು. ಅದಕ್ಕೇ ಅದರ ಗೋಡೆ ದಪ್ಪ.”

“ದಿನಕ್ಕೆ ಎಷ್ಟು ಸಲ?”

“ಹತ್ತಿರ ಹತ್ತಿರ ಒಂದು ಲಕ್ಷ.”

“ರಜೆ?”

“ಎರಡು ಬಡಿತದ ಮಧ್ಯೆ ಸಿಕ್ಕಿದ್ದೇ ರಜೆ.”

ಹೆಂಡತಿಯೂ ಸ್ಟೆತಸ್ಕೋಪನ್ನು ಕಸಿದುಕೊಂಡು ಗಂಡನ ಎದೆ ಕೇಳಿದರು. “ಅಯ್ಯೋ, ಇವರು ಒಳಗೂ ಗೊಣಗ್ತಾನೇ ಇದ್ದಾರೆ!”

ಮನೆಗೆ ಹೋಗುವಾಗ ಮಾವ ದಾರಿಯುದ್ದಕ್ಕೂ ಎದೆಯ ಮೇಲೆ ಕೈಯಿಟ್ಟುಕೊಂಡೇ ನಡೆದರು. ಅದನ್ನು ನೋಡಿದ ದರ್ಜಿ ಗಾಬರಿಯಾಗಿ ಕತ್ತರಿ ಹಿಡಿದುಕೊಂಡೇ ಓಡಿಬಂದ. “ಏನಿಲ್ಲಪ್ಪ, ಕೆಲಸ ನಡೀತಿದೆಯಾ ನೋಡ್ತಿದ್ದೆ,” ಎಂದರು ಮಾವ.

ಮರುದಿನ ಬೆಳಿಗ್ಗೆಯೇ ಗೋಡೆಗೆ ಬಿಳಿ ಬಳಿದರು. ಒಣಗಿದ ಮೇಲೆ ಹಾಳೆಯಲ್ಲಿದ್ದ ಹಾಗೆಯೇ, ದಪ್ಪವನ್ನು ದಪ್ಪವಾಗಿ, ತೆಳುವನ್ನು ತೆಳುವಾಗಿ ಹಲ್ಲು ಕಚ್ಚಿಕೊಂಡು ಬರೆದರು. ಇನ್ನೊಬ್ಬರು ತಮ್ಮಂತೆ ಮೋಸಹೋಗದಿರಲಿ ಎಂದು ಕೆಳಗೆ ಮುತ್ತಿನಂಥ ಅಕ್ಷರದಲ್ಲಿ ‘ಈ ಹೃದಯ ನಿಮ್ಮ ಎದುರಿಗೆ ನಿಂತವರದ್ದು’ ಎಂದೂ ಸೇರಿಸಿದರು.

ಕೆಮ್ಮಿಗೆ ಔಷಧಿ ಕೇಳಲು ಬಂದಿದ್ದ ಅಜ್ಜಿಯೊಬ್ಬರು ಅದನ್ನು ಓದಿ ನಿಟ್ಟುಸಿರಿಟ್ಟರು. “ಪಾಪ, ಯಾರದ್ದಪ್ಪ ಇದು? ಹುಷಾರಾಗಿದ್ದಾರಾ?”

“ಗಟ್ಟಿಮುಟ್ಟಾಗಿದ್ದಾರೆ ಅಜ್ಜಿ,” ಎಂದರು ಮಾವ ಏಣಿಯ ಮೇಲಿಂದ. “ಬಣ್ಣ ಇನ್ನೂ ಹಸಿ, ಒರಗಬೇಡಿ.”